ಅಡ್ವಾನ್ಸ್ ಬೇಡದ ಊರಿನಲ್ಲಿ ಬಾಡಿಗೆ ಮನೆ: ಬೊಗೊಟಾದಲ್ಲಿ ಒಂದು ಮೈಸೂರು ಕುಟುಂಬದ ಪ್ರಕರಣ

ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿದವರಿಗೆಲ್ಲ ಒಂದು ಲೆಕ್ಕ ಬಾಯಿಪಾಠ. ಕೈಯಲ್ಲಿ ಅಡ್ವಾನ್ಸ್ ಇದ್ದರೆ ಮನೆ ಸಿಗುತ್ತದೆ, ಹತ್ತು ತಿಂಗಳದ್ದು ಇದ್ದರೆ ಒಳ್ಳೆಯ ಮನೆ ಸಿಗುತ್ತದೆ. ಕೊಲಂಬಿಯಾದ ರಾಜಧಾನಿ ಬೊಗೊಟಾದಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಬಾಡಿಗೆದಾರನ ಹಣಕ್ಕಿಂತ, ಅವನ ಪರವಾಗಿ ಯಾರು ಸಹಿ ಹಾಕುತ್ತಾರೆ ಎಂಬುದೇ ಮುಖ್ಯ. ಈ ವ್ಯತ್ಯಾಸ ಗೊತ್ತಿಲ್ಲದೆ ಮೂರು ತಿಂಗಳು ಪರದಾಡಿದ, ಮನೆ ಸಿಕ್ಕಮೇಲೆ ಅದೇ ಮನೆಯೊಳಗೆ ದೊಡ್ಡ ಅಪಾಯವೊಂದರಿಂದ ಪಾರಾದ ಒಂದು ಕುಟುಂಬದ ಪ್ರಕರಣ ಇದು. ಹೆಸರುಗಳನ್ನು ಬದಲಿಸಿದೆ, ಕಂಪನಿ ಮತ್ತು ಕಟ್ಟಡದ ಗುರುತು ಬಿಟ್ಟಿದೆ.

ಹಿನ್ನೆಲೆ

ಮಧು ಮೈಸೂರಿನವರು, ಸಾಫ್ಟ್‌ವೇರ್ ಕೆಲಸ. ಹೆಂಡತಿ ಶುಭಾ, ಏಳು ವರ್ಷದ ಮಗಳು. 2024ರ ಜನವರಿ ಎರಡನೇ ವಾರ ಮೂವರೂ ಬೊಗೊಟಾಕ್ಕೆ ಬಂದಿಳಿದರು. ಮಧು ಅವರದು ಎಂ ವರ್ಗದ ಕೆಲಸದ ವೀಸಾ, ಉಳಿದಿಬ್ಬರು ಅವರ ಅವಲಂಬಿತರು. ಮದುವೆ ಪ್ರಮಾಣಪತ್ರ ಮತ್ತು ಮಗಳ ಜನನ ಪ್ರಮಾಣಪತ್ರಕ್ಕೆ ಹೊರಡುವ ಮೊದಲೇ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್, ಅಂದರೆ ದಾಖಲೆ ಹೊರದೇಶದಲ್ಲೂ ಮಾನ್ಯ ಎನ್ನುವ ದೃಢೀಕರಣ, ಮಾಡಿಸಿದ್ದರು, ಅಧಿಕೃತ ಅನುವಾದಕರಿಂದ ಸ್ಪ್ಯಾನಿಷ್ ಅನುವಾದವೂ ಆಗಿತ್ತು. ಇದು ಅವರು ಮಾಡಿದ ಅತ್ಯುತ್ತಮ ತಯಾರಿ. ಅಲ್ಲಿಗೆ ಹೋದಮೇಲೆ ಊರಿನಿಂದ ಇವನ್ನು ತರಿಸಿಕೊಳ್ಳುವುದು ತಿಂಗಳುಗಟ್ಟಲೆ ಕೆಲಸ.

ವಾಸಕ್ಕೆ ಮಾತ್ರ ಅಂಥ ತಯಾರಿ ಇರಲಿಲ್ಲ. ಚಾಪಿನೇರೊ ಬಡಾವಣೆಯಲ್ಲಿ ಸಾಮಾನು ಸಹಿತ ಫ್ಲ್ಯಾಟೊಂದನ್ನು ತಿಂಗಳಿಗೆ 45 ಲಕ್ಷ ಪೆಸೊ ಬಾಡಿಗೆಗೆ ಹಿಡಿದರು. ಆಗ ಒಂದು ರೂಪಾಯಿಗೆ ಸುಮಾರು 48 ಪೆಸೊ ಇತ್ತು, ಅಂದರೆ ಹತ್ತಿರಹತ್ತಿರ 94,000 ರೂಪಾಯಿ. ಮೂರು ವಾರದಲ್ಲಿ ಖಾಲಿ ಮನೆ ಹುಡುಕಿ ಹೊರಡುವುದು ಅವರ ಅಂದಾಜು. ಅಲ್ಲಿ ಮೂರು ತಿಂಗಳಿಗೆ ಒಂದು ವಾರ ಕಡಿಮೆ ಇದ್ದರು.

ಹುಡುಕಿದ್ದು ಉತ್ತರದ ಸೆದ್ರಿತೊಸ್ ಭಾಗದಲ್ಲಿ. ಕಾರಣ ಎಸ್ತ್ರಾತೊ. ಕೊಲಂಬಿಯಾದ ನಗರಗಳಲ್ಲಿ ಪ್ರತಿ ವಸತಿ ಕಟ್ಟಡಕ್ಕೂ 1ರಿಂದ 6ರವರೆಗೆ ಒಂದು ಶ್ರೇಣಿ ಇರುತ್ತದೆ, ವಿದ್ಯುತ್, ಗ್ಯಾಸ್, ನೀರಿನ ದರ ಅದಕ್ಕೆ ತಕ್ಕಂತೆ. 1ರಿಂದ 3ಕ್ಕೆ ಸಬ್ಸಿಡಿ, 4ಕ್ಕೆ ಸಬ್ಸಿಡಿಯೂ ಇಲ್ಲ ಹೆಚ್ಚುವರಿಯೂ ಇಲ್ಲ, 5 ಮತ್ತು 6ಕ್ಕೆ ವಿದ್ಯುತ್ ಮತ್ತು ಗ್ಯಾಸಿನ ಮೇಲೆ ಶೇ 20 ಹೆಚ್ಚುವರಿ. ಶ್ರೇಣಿ ಅಂಟುವುದು ಕಟ್ಟಡಕ್ಕೆ, ಒಳಗಿರುವವರ ಸಂಬಳಕ್ಕಲ್ಲ. ಹಾಗಾಗಿ ಎಸ್ತ್ರಾತೊ 4ರ ಮನೆ ಹುಡುಕಿದ್ದು ಸರಿಯಾದ ಲೆಕ್ಕವೇ. ಮನೆ ನೋಡಲು ಹೋದಾಗ ಹಳೆಯ ಕರೆಂಟ್ ಬಿಲ್ ಕೇಳಿದರೆ ಅದರ ಮೇಲೇ ಎಸ್ತ್ರಾತೊ ಅಚ್ಚಾಗಿರುತ್ತದೆ, ದಲ್ಲಾಳಿಯ ಮಾತು ನಂಬಬೇಕಿಲ್ಲ.

ಹಣ ಇದೆ, ಮನೆ ಇಲ್ಲ

ಮೊದಲ ಮನೆ ನೋಡಿದಾಗಲೇ ಮಧು ಆರು ತಿಂಗಳ ಬಾಡಿಗೆ ಅಡ್ವಾನ್ಸ್ ಕೊಡಲು ಸಿದ್ಧ ಎಂದರು. ಏಜೆನ್ಸಿಯವರು ಅದನ್ನು ಕಿವಿಗೇ ಹಾಕಿಕೊಳ್ಳದೆ ಕೇಳಿದ್ದು ಒಂದೇ: ಫಿಯಾದೋರ್ ಯಾರು?

ಫಿಯಾದೋರ್ ಎಂದರೆ ಜಾಮೀನುದಾರ. ಬರೀ ಪರಿಚಯಸ್ಥರಾದರೆ ಸಾಲದು. ಅವರ ಹೆಸರಿನಲ್ಲಿ ಸ್ಥಿರಾಸ್ತಿ ಇರಬೇಕು, ಆ ಆಸ್ತಿಯ 'ತ್ರದಿಸಿಯೋನ್ ಇ ಲಿಬೆರ್ತಾದ್' ಪ್ರಮಾಣಪತ್ರ ಕೊಡಬೇಕು. ನಮ್ಮ ಸಬ್‌ರಿಜಿಸ್ಟ್ರಾರ್ ಕಚೇರಿಯ ಇಸಿ ಇದ್ದಂತೆ ಅದು, ಯಾರಿಂದ ಯಾರಿಗೆ ಬಂತು, ಮೇಲೆ ಏನೇನು ಋಣಭಾರ ಇದೆ ಎಲ್ಲ ಅದರಲ್ಲಿರುತ್ತದೆ. ಬಾಡಿಗೆದಾರ ಕಟ್ಟದಿದ್ದರೆ ಪೂರ್ತಿ ಬಾಕಿ ಫಿಯಾದೋರ್ ಮೇಲೆ ಬೀಳುತ್ತದೆ.

ಅಡ್ವಾನ್ಸ್ ಯಾಕೆ ಬೇಡ ಎಂದರೆ ಕಾನೂನೇ ಬೇಡ ಅನ್ನುತ್ತದೆ. ನಗರದ ವಾಸದ ಮನೆಗಳ ಬಾಡಿಗೆ ನಡೆಯುವುದು 2003ರ 820ನೇ ಕಾನೂನಿನ ಪ್ರಕಾರ. ಅದರ 16ನೇ ವಿಧಿ ಬಾಡಿಗೆಯ ಭದ್ರತೆಗಾಗಿ ನಗದು ಠೇವಣಿ ಕೇಳುವುದನ್ನು ನಿಷೇಧಿಸಿದೆ. ಬಾಡಿಗೆದಾರರನ್ನು ಕಾಪಾಡಲೆಂದು ಬಂದ ಒಳ್ಳೆಯ ವಿಧಿ ಇದು. ಆದರೆ ಆ ಊರಿನಲ್ಲಿ ನಂಟರಿಲ್ಲದ, ಹಳೆಯ ಗೆಳೆಯರಿಲ್ಲದ ಪರದೇಶದವರಿಗೆ ಅದೇ ಗೋಡೆಯಾಗಿ ನಿಲ್ಲುತ್ತದೆ.

ಮೂರು ಪ್ರಯತ್ನ

ಮೊದಲನೆಯದು ನೇರ ಮಾಲೀಕರೊಬ್ಬರ ಮನೆ, ಏಜೆನ್ಸಿ ಇಲ್ಲ. ಬಾಡಿಗೆ 24 ಲಕ್ಷ ಪೆಸೊ. ಫಿಯಾದೋರ್ ಬೇಡ, ಬದಲಿಗೆ ಹನ್ನೆರಡು ತಿಂಗಳದ್ದು ಒಟ್ಟಿಗೆ ಕೊಡಿ ಎಂದರು. 2 ಕೋಟಿ 88 ಲಕ್ಷ ಪೆಸೊ, ಅಂದರೆ ಆರು ಲಕ್ಷ ರೂಪಾಯಿ. ಬೆಂಗಳೂರು ಅಡ್ವಾನ್ಸ್ ಕಂಡ ಮಧು ಅವರಿಗೆ ಇದು ಸಹಜವೇ ಅನ್ನಿಸಿತು. ಒಪ್ಪಂದದ ಕರಡನ್ನು ಕೂತು ಓದಿದವರು ಶುಭಾ. ಮಧ್ಯದಲ್ಲಿ ಬಿಟ್ಟರೆ ಉಳಿದ ತಿಂಗಳುಗಳ ಹಣ ವಾಪಸ್ ಬರುತ್ತದೆ ಎಂಬ ಒಂದು ಸಾಲೂ ಅದರಲ್ಲಿರಲಿಲ್ಲ, ರಸೀದಿಯ ಮಾತೂ ಇರಲಿಲ್ಲ. ಕಾನೂನಿನ ಪ್ರಕಾರ ಬಾಡಿಗೆದಾರ ಅವಧಿಗೆ ಮೊದಲೇ ಬಿಡುವುದಾದರೆ ಮೂರು ತಿಂಗಳು ಮುಂಚೆ ಲಿಖಿತ ನೋಟಿಸ್ ಕೊಟ್ಟು, ಮೂರು ತಿಂಗಳ ಬಾಡಿಗೆಯನ್ನು ಪರಿಹಾರವಾಗಿ ಕಟ್ಟಿ ಹೊರಡಬಹುದು. ಇಡೀ ವರ್ಷದ್ದು ಮೊದಲೇ ಮಾಲೀಕರ ಕೈಗೆ ಹೋದರೆ ಆ ಹಕ್ಕು ಕಾಗದದ ಮೇಲಷ್ಟೇ ಉಳಿಯುತ್ತದೆ. ಶುಭಾ ಬೇಡ ಎಂದರು. ಸಾಮಾನು ಸಹಿತ ಮನೆಗೆ ಇನ್ನೊಂದು ತಿಂಗಳ ದುಬಾರಿ ಬಾಡಿಗೆ ಕಟ್ಟಬೇಕಾಯಿತು, ಆದರೂ ಇಡೀ ಪ್ರಕರಣದಲ್ಲಿ ಇದೇ ಅತ್ಯಂತ ಸರಿಯಾದ ತೀರ್ಮಾನ.

ಎರಡನೆಯದು ಸಹೋದ್ಯೋಗಿಯ ಜಾಮೀನು. ಕಚೇರಿಯ ಹಿರಿಯರೊಬ್ಬರು ತಾವಾಗಿಯೇ ಮುಂದೆ ಬಂದರು, ಅವರಿಗೆ ಸ್ವಂತ ಫ್ಲ್ಯಾಟ್ ಇತ್ತು. ಪ್ರಮಾಣಪತ್ರ ತರಿಸಿದಾಗ ಅದರ ಮೇಲೆ 'ಕುಟುಂಬದ ವಾಸದ ಮನೆ' ಎಂಬ ನಮೂದು ಕಂಡಿತು. 1996ರ 258ನೇ ಕಾನೂನಿನಂತೆ ಹೀಗೆ ನಮೂದಾದ ಮನೆಯನ್ನು ಸಾಮಾನ್ಯವಾಗಿ ಸಾಲ ಕೊಟ್ಟವರು ಜಪ್ತಿ ಮಾಡುವಂತಿಲ್ಲ. ಜಪ್ತಿ ಮಾಡಲಾಗದ ಆಸ್ತಿ ಜಾಮೀನಿಗೆ ಬಾರದು, ಏಜೆನ್ಸಿ ತಿರಸ್ಕರಿಸಿತು. ಯಾರನ್ನಾದರೂ ಜಾಮೀನು ಕೇಳುವ ಮೊದಲೇ ಈ ನಮೂದಿನ ಬಗ್ಗೆ ವಿಚಾರಿಸಬೇಕು. ಇಲ್ಲವಾದರೆ ಒಳ್ಳೆಯ ಮನಸ್ಸಿನವರೊಬ್ಬರಿಗೆ ಸುಮ್ಮನೆ ಮುಜುಗರ ಮಾಡಿದಂತಾಗುತ್ತದೆ.

ಮೂರನೆಯದು ಬಾಡಿಗೆ ವಿಮೆ. ಫಿಯಾದೋರ್ ಬದಲಿಗೆ ವಿಮಾ ಕಂಪನಿಯೊಂದು ಮಾಲೀಕರಿಗೆ ಬಾಡಿಗೆಯ ಖಾತರಿ ಕೊಡುತ್ತದೆ. ಅದಕ್ಕೆ ಮೊದಲು ಬಾಡಿಗೆದಾರರ ದಾಖಲೆಗಳನ್ನು ಪರಿಶೀಲಿಸುತ್ತಾರೆ, ಇದಕ್ಕೆ 'ಎಸ್ತೂದಿಯೊ' ಎನ್ನುತ್ತಾರೆ. ಸಾಮಾನ್ಯವಾಗಿ ಕೇಳುವುದು ಗುರುತಿನ ಕಾರ್ಡು, ಉದ್ಯೋಗದಾತರ ಪತ್ರ, ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಬಾಡಿಗೆಯ ಎರಡು ಪಟ್ಟಾದರೂ ಆದಾಯ. ಇಲ್ಲೊಂದು ಸರಪಳಿ ಇದೆ. ವಿಮೆಗೆ ಸ್ಟೇಟ್‌ಮೆಂಟ್ ಬೇಕು, ಸ್ಟೇಟ್‌ಮೆಂಟಿಗೆ ಖಾತೆ ಬೇಕು, ಖಾತೆಗೆ ಸೆದುಲಾ ದೆ ಎಕ್ಸ್‌ತ್ರಾಂಹೆರಿಯಾ ಎಂಬ ವಿದೇಶಿಯರ ಗುರುತಿನ ಕಾರ್ಡು ಬೇಕು. ಮೂರು ತಿಂಗಳಿಗಿಂತ ಹೆಚ್ಚಿನ ವೀಸಾ ಇರುವವರು ದೇಶದೊಳಗೆ ಬಂದ 15 ದಿನದೊಳಗೆ ವಲಸೆ ಕಚೇರಿಯಲ್ಲಿ ವೀಸಾ ನೋಂದಾಯಿಸಿ ಈ ಕಾರ್ಡಿಗೆ ಅರ್ಜಿ ಹಾಕಲೇಬೇಕು, ತಡವಾದರೆ ದಂಡ. ಈ 15 ದಿನದಲ್ಲಿ ಭಾನುವಾರ, ರಜೆ ಎಲ್ಲವೂ ಸೇರುತ್ತದೆ. ಮಧು ಸಮಯಕ್ಕೆ ಸರಿಯಾಗಿ ಹಾಕಿದ್ದರು, ಫೆಬ್ರುವರಿ ಮೊದಲ ವಾರ ಕಾರ್ಡು ಕೈಗೆ ಬಂತು, ಖಾತೆಯೂ ಆಯಿತು.

ಮಾರ್ಚ್ ಮಧ್ಯದಲ್ಲಿ ಹಾಕಿದ ಅರ್ಜಿ ಎರಡೇ ದಿನಕ್ಕೆ ತಿರಸ್ಕೃತವಾಯಿತು. ಕಾರಣ ಕೇಳಿದಾಗ ಬಂದ ಉತ್ತರ, 'ದಾಖಲೆಗಳು ಒಬ್ಬರೇ ವ್ಯಕ್ತಿಯದ್ದಲ್ಲ'.

ಇನಿಷಿಯಲ್ ತಂದ ತೊಡಕು

ಹಳೆ ಮೈಸೂರು ಕಡೆಯ ಅನೇಕರ ಹಾಗೆ ಮಧು ಅವರಿಗೂ ಮನೆತನದ ಹೆಸರೆಂಬುದಿಲ್ಲ. ಊರಿನ ಹೆಸರಿಗೊಂದು ಅಕ್ಷರ, ತಂದೆಯ ಹೆಸರಿಗೊಂದು ಅಕ್ಷರ, ಆಮೇಲೆ ಸ್ವಂತ ಹೆಸರು. ಪಾಸ್‌ಪೋರ್ಟ್ ಮಾಡಿಸುವಾಗ ಊರಿನ ಹೆಸರನ್ನು ಸರ್‌ನೇಮ್ ಸಾಲಿಗೆ ಹಾಕಿಸಿದ್ದರು. ಕೊಲಂಬಿಯಾದಲ್ಲಿ ಪ್ರತಿಯೊಬ್ಬರಿಗೂ ಎರಡು ಮನೆತನದ ಹೆಸರಿರುವುದು ರೂಢಿ, ಒಂದು ತಂದೆಯ ಕಡೆಯದು, ಇನ್ನೊಂದು ತಾಯಿಯ ಕಡೆಯದು. ಫಾರಂಗಳಲ್ಲಿ ಎರಡಕ್ಕೂ ಖಾನೆ ಇರುತ್ತದೆ.

ಆದದ್ದು ಇಷ್ಟು. ಸೆದುಲಾದಲ್ಲಿ ಪಾಸ್‌ಪೋರ್ಟಿನಂತೆ ಊರಿನ ಹೆಸರು ಒಂದೇ ಸರ್‌ನೇಮ್. ಬ್ಯಾಂಕಿನಲ್ಲಿ ಎರಡನೇ ಖಾನೆ ಖಾಲಿ ಬಿಡುವುದು ಬೇಡವೆಂದು ಗುಮಾಸ್ತರು ತಂದೆಯ ಹೆಸರನ್ನು ಮೊದಲ ಸರ್‌ನೇಮ್ ಮಾಡಿ, ಊರನ್ನು ಎರಡನೆಯದಕ್ಕೆ ತಳ್ಳಿದ್ದರು. ಕಂಪನಿಯ ಪತ್ರದಲ್ಲಿ ಭಾರತದ ಶಾಖೆಯ ದಾಖಲೆಯಂತೆ ಎರಡು ಇನಿಷಿಯಲ್ ಮತ್ತು ಹೆಸರು, ಸೆದುಲಾ ಸಂಖ್ಯೆಯೇ ಇಲ್ಲ. ಮೂರು ಕಾಗದ, ಮೂರು ಬಗೆಯ ಹೆಸರು. ಮೇಜಿನ ಆಚೆ ಕೂತವರಿಗೆ ಮೂವರು ಬೇರೆ ಬೇರೆ ಗಂಡಸರು ಕಂಡರೆ ಅವರ ತಪ್ಪೇನಿಲ್ಲ.

ಪ್ರಕರಣ ತಿರುಗಿದ್ದು ಇಲ್ಲಿ. ತಿರಸ್ಕಾರದ ಕಾರಣವನ್ನು ಬರಹದಲ್ಲಿ ಕೇಳಿ ಪಡೆದದ್ದರಿಂದಲೇ ತಪ್ಪು ಎಲ್ಲಿದೆ ಎಂದು ಗೊತ್ತಾಯಿತು, ಇಲ್ಲವಾದರೆ 'ವಿದೇಶಿಯರಿಗೆ ಮನೆ ಕೊಡುವುದಿಲ್ಲ' ಎಂದುಕೊಂಡು ಬೇರೆ ಏಜೆನ್ಸಿಗೆ ಹೋಗಿ ಅದೇ ಕಾಗದಗಳನ್ನೇ ಕೊಡುತ್ತಿದ್ದರು. ಮೊದಲು ಸೆದುಲಾ ಹಿಡಿದು ಬ್ಯಾಂಕಿಗೆ ಹೋಗಿ ಹೆಸರನ್ನು ಕಾರ್ಡಿನಲ್ಲಿದ್ದಂತೆ ಅಕ್ಷರಕ್ಕಕ್ಷರ ತಿದ್ದಿಸಿದರು. ಕಂಪನಿಯಿಂದ ಹೊಸ ಪತ್ರ ಬಂತು: ಕಾರ್ಡಿನಲ್ಲಿರುವ ಪೂರ್ಣ ಹೆಸರು, ಸೆದುಲಾ ಸಂಖ್ಯೆ, ಹುದ್ದೆ, ಸೇರಿದ ದಿನಾಂಕ, ಕರಾರು ಕಾಯಂ ಎಂಬ ಮಾತು, ತಿಂಗಳ ಸಂಬಳ ಅಂಕಿಯಲ್ಲೂ ಅಕ್ಷರದಲ್ಲೂ. ಸ್ಟೇಟ್‌ಮೆಂಟ್ ಇದ್ದದ್ದು ಎರಡೇ ತಿಂಗಳದ್ದು, ಆ ಕೊರತೆ ತುಂಬಲು ಕಂಪನಿಯೇ ಬಾಡಿಗೆಗೆ ಜೊತೆ ಹೊಣೆಗಾರನಾಗಿ ಸಹಿ ಹಾಕಿತು.

ಕಂಪನಿ ಇನ್ನೊಂದು ದಾರಿಯನ್ನೂ ಮುಂದಿಟ್ಟಿತ್ತು. ಒಪ್ಪಂದವನ್ನು ಪೂರ್ತಿ ತನ್ನ ಹೆಸರಿನಲ್ಲೇ ಮಾಡಿಕೊಳ್ಳುವುದು. ಅದು ಇನ್ನೂ ಸಲೀಸು, ವಿಮೆಯ ತಲೆನೋವೇ ಇಲ್ಲ. ಆದರೆ ಕೆಲಸ ಬದಲಾದ ದಿನ ಮನೆಯೂ ಹೋಗುತ್ತದೆ, ಮಗಳ ಶಾಲೆ ಪಕ್ಕದಲ್ಲೇ ಇತ್ತು. ಇಬ್ಬರೂ ಯೋಚಿಸಿ ಬೇಡವೆಂದರು. ವರ್ಷದೊಳಗೆ ವಾಪಸ್ ಹೋಗುವವರಿಗೆ ಕಂಪನಿ ಹೆಸರಿನ ಒಪ್ಪಂದವೇ ಮೇಲು, ಉಳಿಯುವವರಿಗೆ ಸ್ವಂತ ಹೆಸರಿನದ್ದು. ಬಾಡಿಗೆ ಕಟ್ಟಿದ ದಾಖಲೆ ಅವರ ಹೆಸರಿನಲ್ಲೇ ಬೆಳೆಯುತ್ತದೆ, ಮುಂದಿನ ಮನೆಗೆ ಅದು ಬೇಕು.

ಎರಡನೇ ಅರ್ಜಿ ನಾಲ್ಕು ದಿನದಲ್ಲಿ ಮಂಜೂರಾಯಿತು. 68 ಚದರ ಮೀಟರ್, ಎರಡು ಮಲಗುವ ಕೋಣೆ, ಬಾಡಿಗೆ 26 ಲಕ್ಷ, ಅದರ ಮೇಲೆ ಕಟ್ಟಡದ ನಿರ್ವಹಣೆಗೆ ಮೂರೂವರೆ ಲಕ್ಷ ಪೆಸೊ. ಏಪ್ರಿಲ್ 6ರಂದು ಮನೆ ಸೇರಿದರು. ಐದನೇ ದಿನ, ಏಪ್ರಿಲ್ 11ರಂದು, ಬೊಗೊಟಾದಲ್ಲಿ ನೀರಿನ ರೇಷನ್ ಶುರುವಾಯಿತು. ಊರಿಗೆ ನೀರು ಕೊಡುವ ಚಿಂಗಾಸಾ ಜಲಾಶಯಗಳು ಬತ್ತಿದ್ದವು. ನಗರವನ್ನು ಒಂಬತ್ತು ವಲಯ ಮಾಡಿ, ಸರದಿಯ ಮೇಲೆ ಬೆಳಿಗ್ಗೆ 8ರಿಂದ ಮರುದಿನ 8ರವರೆಗೆ ನೀರು ನಿಲ್ಲಿಸುತ್ತಿದ್ದರು. ಅದೇ ಬೇಸಿಗೆಯಲ್ಲಿ ಬೆಂಗಳೂರಿನ ನಂಟರೂ ಟ್ಯಾಂಕರ್‌ಗೆ ಕಾಯುತ್ತಿದ್ದರು, ಫೋನಿನಲ್ಲಿ ಎರಡೂ ಕಡೆ ಒಂದೇ ಮಾತು. ಕಟ್ಟಡಕ್ಕೆ ಮೀಸಲು ತೊಟ್ಟಿ ಇದ್ದದ್ದರಿಂದ ಇವರಿಗೆ ಅಷ್ಟು ಕಷ್ಟವಾಗಲಿಲ್ಲ. ಮನೆ ನೋಡುವಾಗ ತೊಟ್ಟಿ ಇದೆಯೇ ಎಂದು ಕೇಳಿದ್ದರು, ಗ್ಯಾಸ್ ಹೀಟರ್ ಬಗ್ಗೆ ಮಾತ್ರ ಏನನ್ನೂ ಕೇಳಿರಲಿಲ್ಲ.

ದೋಸೆ ಹಿಟ್ಟು, ಜಾಲರಿ, ಎಣ್ಣೆ ಸ್ನಾನ

ಬೊಗೊಟಾ ಸಮುದ್ರ ಮಟ್ಟದಿಂದ 2,600 ಮೀಟರ್ ಎತ್ತರದಲ್ಲಿದೆ. ವರ್ಷಪೂರ್ತಿ ಸರಾಸರಿ 14 ಡಿಗ್ರಿಯ ಆಸುಪಾಸು, ಮನೆಗಳಿಗೆ ಬೆಚ್ಚಗಿಡುವ ವ್ಯವಸ್ಥೆ ಇರುವುದಿಲ್ಲ. ನೀರು ಸುಮಾರು 91 ಡಿಗ್ರಿಗೇ ಕುದಿಯುವುದರಿಂದ ತೆರೆದ ಪಾತ್ರೆಯಲ್ಲಿ ಬೇಳೆ ಬೇಯುವುದೇ ಇಲ್ಲ ಅನ್ನಬೇಕು. ಕುಕ್ಕರ್ ಬೇಕೇ ಬೇಕು. ಕುಕ್ಕರ್ ಒಳಗೂ ಶಾಖ 116 ಡಿಗ್ರಿ ದಾಟುವುದು ಕಷ್ಟ, ಮೈಸೂರಿನಲ್ಲಿ ಮೂರು ಕೂಗಿಗೆ ಆಗುವ ಬೇಳೆಗೆ ಐದು ಕೂಗು ಇಡಬೇಕು. ವಿದ್ಯುತ್ 110–120 ವೋಲ್ಟ್, 60 ಹರ್ಟ್ಸ್. ಶುಭಾ ತಂದಿದ್ದ 750 ವಾಟ್‌ನ ಮಿಕ್ಸಿ 1,500 ವಿಎ ಟ್ರಾನ್ಸ್‌ಫಾರ್ಮರ್ ಮೇಲೆ ಸರಾಗವಾಗಿ ಓಡಿತು. ಗ್ರೈಂಡರ್ ಒಯ್ಯದೇ ಇದ್ದದ್ದು ಒಳ್ಳೆಯದಾಯಿತು, ಅದರ ಇಂಡಕ್ಷನ್ ಮೋಟರ್ 60 ಹರ್ಟ್ಸ್‌ಗೆ ಐದರಲ್ಲಿ ಒಂದು ಪಾಲು ಹೆಚ್ಚು ವೇಗವಾಗಿ ತಿರುಗಿ ಬಿಸಿಯಾಗುತ್ತದೆ.

ಅಕ್ಟೋಬರ್‌ನಲ್ಲಿ ಮಧು ಅವರ ತಾಯಿ ಮೂರು ತಿಂಗಳಿಗೆ ಬಂದರು. ಮಳೆಗಾಲ, ಅಡುಗೆಮನೆಯಲ್ಲಿ 15 ಡಿಗ್ರಿ, ರಾತ್ರಿ ನೆನೆಸಿ ರುಬ್ಬಿಟ್ಟ ಹಿಟ್ಟು ಬೆಳಿಗ್ಗೆ ಇಟ್ಟಂತೆಯೇ ಇರುತ್ತಿತ್ತು. ಮನೆಯಲ್ಲಿ ಬೆಚ್ಚಗಿದ್ದದ್ದು ಒಂದೇ ಜಾಗ, ಅಡುಗೆಮನೆಗೆ ಅಂಟಿದ ಬಟ್ಟೆ ಒಗೆಯುವ ಸಣ್ಣ ಕೋಣೆ, ಗ್ಯಾಸ್ ಹೀಟರ್ ಇದ್ದದ್ದು ಅಲ್ಲೇ. ನಲ್ಲಿ ತಿರುಗಿಸಿದಾಗ ತಾನಾಗಿ ಉರಿ ಹತ್ತಿಕೊಂಡು ಹರಿವ ನೀರನ್ನೇ ಕಾಯಿಸುವ ಬಗೆಯದು. ಅಜ್ಜಿ ಹಿಟ್ಟಿನ ಪಾತ್ರೆಯನ್ನು ಅದರ ಕೆಳಗಿನ ಕಟ್ಟೆಯ ಮೇಲಿಟ್ಟರು. ಗೋಡೆಯಲ್ಲಿ ನೆಲದ ಹತ್ತಿರ ಒಂದು, ಸೂರಿನ ಹತ್ತಿರ ಒಂದು ಜಾಲರಿ ಇದ್ದವು, ಅಲ್ಲಿಂದ ಕೊರೆಯುವ ಗಾಳಿ ಬರುತ್ತಿತ್ತು. ಎರಡಕ್ಕೂ ಹಳೆಯ ಪತ್ರಿಕೆ ಮಡಚಿ ತುರುಕಿ ಮೇಲೆ ಟೇಪ್ ಅಂಟಿಸಿದರು. ಹಿಟ್ಟು ಉಬ್ಬಿ ಬಂತು, ಎಲ್ಲರಿಗೂ ಸಂತೋಷ.

ಆ ಜಾಲರಿಗಳು ಹೀಟರಿನ ಉಸಿರು. ಕೆಳಗಿನದು ಉರಿಗೆ ಬೇಕಾದ ಗಾಳಿಯನ್ನು ಒಳಗೆ ಬಿಡುತ್ತದೆ, ಮೇಲಿನದು ಕೆಟ್ಟ ಗಾಳಿಯನ್ನು ಹೊರಗೆ ಕಳಿಸುತ್ತದೆ. ಈ ಎತ್ತರದಲ್ಲಿ ಗಾಳಿಯೇ ಸಮುದ್ರ ಮಟ್ಟಕ್ಕಿಂತ ಕಾಲು ಭಾಗ ತೆಳು, ಅದಕ್ಕೇ ಹೀಟರಿನ ಮೇಲೆ ಯಾವ ಎತ್ತರಕ್ಕೆ ಹೊಂದಿಸಿದ್ದು ಎಂದು ಬರೆದಿರುತ್ತದೆ. ಜಾಲರಿ ಮುಚ್ಚಿದರೆ ಗ್ಯಾಸ್ ಅರೆಬರೆ ಉರಿದು ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಅದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ.

ಎರಡು ವಾರ ಅಜ್ಜಿಗೆ ಆಗಾಗ ತಲೆನೋವು ಬರುತ್ತಿತ್ತು. ಹೊಸದಾಗಿ ಬಂದಿದ್ದಾರೆ, ಎತ್ತರದ ಊರು ಎಂದು ಎಲ್ಲರೂ ಸುಮ್ಮನಾದರು. ಅಕ್ಟೋಬರ್ 31 ನರಕ ಚತುರ್ದಶಿ. ಎಣ್ಣೆ ಹಚ್ಚಿಕೊಂಡು ನಾಲ್ವರೂ ಒಬ್ಬರಾದ ಮೇಲೆ ಒಬ್ಬರು ಸ್ನಾನ ಮಾಡಿದರು, ಹೀಟರ್ ಒಂದು ಗಂಟೆಗೂ ಹೆಚ್ಚು ಉರಿಯಿತು. ಕೊನೆಗೆ ಸ್ನಾನ ಮಾಡಿದ ಮಗಳು ಹೊರಬಂದವಳೇ ವಾಂತಿ ಮಾಡಿಕೊಂಡಳು, ಕಾಲು ಸೋತು ಕೂತಳು. ಎತ್ತರಕ್ಕೆಂದು ಕೊಂಡಿದ್ದ ಬೆರಳಿನ ಆಕ್ಸಿಮೀಟರ್ ಹಾಕಿ ನೋಡಿದರೆ 93, ಆ ಊರಿಗೆ ಅದು ಸಹಜ. ಮಧು ಸಮಾಧಾನಪಟ್ಟರು. ಸಾಮಾನ್ಯ ಆಕ್ಸಿಮೀಟರ್‌ಗೆ ರಕ್ತದಲ್ಲಿ ಕೂತಿರುವುದು ಆಮ್ಲಜನಕವೋ ಕಾರ್ಬನ್ ಮಾನಾಕ್ಸೈಡೋ ತಿಳಿಯುವುದಿಲ್ಲ, ಎರಡನ್ನೂ ಒಂದೇ ಎಂದು ಎಣಿಸುತ್ತದೆ.

ಶುಭಾ ಅವರಿಗೆ ಮಾತ್ರ ಸಮಾಧಾನವಾಗಲಿಲ್ಲ. ಒಂಬತ್ತು ತಿಂಗಳಿಂದ ಇದೇ ಎತ್ತರದಲ್ಲಿ ಓಡಾಡಿಕೊಂಡಿದ್ದ ಮಗುವಿಗೆ ಇವತ್ತು ಎತ್ತರ ಯಾಕೆ ತಾಕಬೇಕು? ಇಂಟರ್‌ಕಾಮ್‌ನಲ್ಲಿ ಕೆಳಗಿನ ಪೋರ್ತೆರೊಗೆ, ಅಂದರೆ ಕಟ್ಟಡದ ಬಾಗಿಲು ಕಾಯುವವರಿಗೆ, ಆಂಬುಲೆನ್ಸ್ ಬೇಕೆಂದು ತಮ್ಮ ಹರಕುಮುರುಕು ಸ್ಪ್ಯಾನಿಷ್‌ನಲ್ಲಿ ಹೇಳಿದರು. ಅವರು ಮೊದಲು ಕೇಳಿದ್ದೇ ಹೀಟರ್ ಉರಿಯುತ್ತಿದೆಯೇ ಎಂದು. ಎಲ್ಲರನ್ನೂ ಹೊರಗೆ ಕಳಿಸಿ, ಕಿಟಕಿಗಳನ್ನು ತೆರೆದು, ಗ್ಯಾಸಿನ ಕವಾಟ ಮುಚ್ಚಿದರು. ನೀಲಿಯಾಗಿರಬೇಕಾದ ಉರಿ ಹಳದಿಯಾಗಿತ್ತು, ಹೀಟರಿನ ಮುಂಭಾಗಕ್ಕೆ ಮಸಿ ಹಿಡಿದಿತ್ತು.

ಆಸ್ಪತ್ರೆಯಲ್ಲಿ ರಕ್ತಪರೀಕ್ಷೆ ಕಾರ್ಬನ್ ಮಾನಾಕ್ಸೈಡ್ ವಿಷವೇ ಎಂದು ಖಚಿತಪಡಿಸಿತು. ಮಗು, ಅಜ್ಜಿ ಇಬ್ಬರಿಗೂ ಆಮ್ಲಜನಕ ಕೊಟ್ಟು ಸಂಜೆ ಕಳಿಸಿದರು. ಮಗಳನ್ನು ಫೆಬ್ರುವರಿಯಲ್ಲೇ ತಂದೆಯ ಆರೋಗ್ಯ ವಿಮೆಯಲ್ಲಿ ಸೇರಿಸಿದ್ದರು, ಅಪೊಸ್ಟಿಲ್ ಆದ ಜನನ ಪ್ರಮಾಣಪತ್ರ ಅಲ್ಲಿ ನೆರವಾಯಿತು.

ಮರುದಿನ ಬಂದ ಪರೀಕ್ಷಕರು ಜಾಲರಿ ಬಿಡಿಸುವವರೆಗೆ ಗ್ಯಾಸ್ ಕೊಡಲು ಒಪ್ಪಲಿಲ್ಲ. ಕೊಲಂಬಿಯಾದಲ್ಲಿ ಮನೆಯ ಗ್ಯಾಸ್ ವ್ಯವಸ್ಥೆಯನ್ನು ಐದು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸುವುದು ಕಡ್ಡಾಯ, ಕೊನೆಯ ತಪಾಸಣೆಯ ಪ್ರಮಾಣಪತ್ರವನ್ನು ಮನೆ ಹಿಡಿಯುವಾಗಲೇ ಕೇಳಿ ನೋಡಬಹುದು. ಬರ್ನರ್ ಸ್ವಚ್ಛ ಮಾಡಿ, ಹೊಗೆ ಕೊಳವೆಯ ಸಡಿಲ ಕೀಲು ಬಿಗಿದು, ಹೀಟರ್ ಉರಿಸಿಟ್ಟು ಕೋಣೆಯ ಗಾಳಿ ಅಳೆದ ಮೇಲೆ ಮತ್ತೆ ಗ್ಯಾಸ್ ಬಿಟ್ಟರು. ಗ್ಯಾಸಿನ ತುರ್ತಿಗೆ 164, ಉಳಿದ ಎಲ್ಲ ತುರ್ತಿಗೆ 123. ಎರಡೂ ಸಂಖ್ಯೆ ಈಗ ಅವರ ಫ್ರಿಜ್ ಬಾಗಿಲ ಮೇಲಿವೆ, ಬ್ಯಾಟರಿಯಿಂದ ನಡೆಯುವ ಕಾರ್ಬನ್ ಮಾನಾಕ್ಸೈಡ್ ಅಲಾರಂ ಹಜಾರದಲ್ಲಿದೆ. ಹಿಟ್ಟು ಈಗ ಥರ್ಮೋಕೋಲ್ ಪೆಟ್ಟಿಗೆಯೊಳಗೆ, ಎರಡು ಬಾಟಲಿ ಬಿಸಿನೀರಿನ ನಡುವೆ. ಮಲಗುವ ಮುಂಚೆ ಒಮ್ಮೆ ನೀರು ಬದಲಿಸಿದರೆ 14 ಗಂಟೆಯಲ್ಲಿ ಹುದುಗುತ್ತದೆ.

ಅಜ್ಜಿಯನ್ನು ಯಾರೂ ದೂರಬಾರದು. ಚಳಿಗೆ ಕಿಂಡಿ ಮುಚ್ಚುವುದು ಯಾವ ಊರಿನಲ್ಲೂ ಸಹಜ ಬುದ್ಧಿ. ಮನೆ ಹಸ್ತಾಂತರದ ದಿನ ಗೋಡೆಯ ಪ್ರತಿ ಗೀರನ್ನೂ ಪಟ್ಟಿಯಲ್ಲಿ ಬರೆಸಿದವರು ಆ ಜಾಲರಿ ಯಾಕಿದೆ ಎಂದು ಒಂದು ಮಾತು ಹೇಳಲಿಲ್ಲ, ಇವರೂ ಕೇಳಲಿಲ್ಲ.

ಒಂದು ವರ್ಷದ ನಂತರ

2025ರಲ್ಲಿ ಒಪ್ಪಂದ ನವೀಕರಣಕ್ಕೆ ಬಂತು. ಏಜೆನ್ಸಿಯ ಪತ್ರದಲ್ಲಿ ಬಾಡಿಗೆ ಶೇ 9.28 ಹೆಚ್ಚಿಸಿ 28,41,280 ಪೆಸೊ ಎಂದಿತ್ತು. 820ನೇ ಕಾನೂನಿನ ಪ್ರಕಾರ ಹನ್ನೆರಡು ತಿಂಗಳಿಗೊಮ್ಮೆ ಮಾತ್ರ ಏರಿಸಬಹುದು, ಅದೂ ಹಿಂದಿನ ಕ್ಯಾಲೆಂಡರ್ ವರ್ಷದ ಹಣದುಬ್ಬರವನ್ನು ಮೀರುವಂತಿಲ್ಲ. 9.28 ಎಂಬುದು 2023ರ ಅಂಕಿ, 2024ರದ್ದು 5.20. ಈ ಸಲ ಶುಭಾ ತಾವೇ ಸ್ಪ್ಯಾನಿಷ್‌ನಲ್ಲಿ ನಾಲ್ಕು ಸಾಲಿನ ಪತ್ರ ಬರೆದರು. ಒಪ್ಪಂದದ ದಿನಾಂಕ, ಕಾನೂನಿನ ಸಂಖ್ಯೆ, ಎರಡೂ ವರ್ಷದ ಅಂಕಿ, ತಮ್ಮ ಲೆಕ್ಕದ ಮೊತ್ತ. ಕೆಳಗೆ ಮಧು ಅವರ ಹೆಸರು, ಸೆದುಲಾದಲ್ಲಿ ಇರುವಂತೆಯೇ, ಪಕ್ಕದಲ್ಲಿ ಕಾರ್ಡಿನ ಸಂಖ್ಯೆ. ಮೂರನೇ ದಿನ ತಿದ್ದಿದ ಪತ್ರ ಬಂತು: 27,35,200 ಪೆಸೊ.